ಮನೆವಾರ್ತೆಯ ಬಿಸಿ

ವಿಜ್ಞಾನದವರು ನಮ್ಮ ಮನೆಮಾತುಗಳನ್ನೇ ಎತ್ತಿಕೊಂಡು ಹೋಗಿ ಅವಕ್ಕೆ ಬೇರೆಯೇ ಅರ್ಥ ಹಚ್ಚಿಬಿಡುತ್ತಾರೆ. ‘ಕೆಲಸ’ ಅನ್ನುವ ಮಾತನ್ನೇ ನೋಡಿ. ಬಲ ಹಾಕಿದಾಗ ವಸ್ತು ಜರುಗಿದರೆ ಮಾತ್ರ ಅದು ಕೆಲಸ. ಜರುಗದಿದ್ದರೆ ನೀವು ಎಷ್ಟು ಹೊತ್ತು ಬಲ ಹಾಕಿದ್ದರೂ ಲೆಕ್ಕ ಸೊನ್ನೆ. ಹೈಸ್ಕೂಲಿನಲ್ಲಿ ಈ ಪಾಠ ಕೇಳಿದ ಹುಡುಗಿಯರಲ್ಲಿ ಒಳಗೊಳಗೇ ನಗದೆ ಇದ್ದವರು ಕಡಿಮೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು, ಯಾರಾದರೂ ಬಾಗಿಲು ತೆಗೆಯಲಿ ಎಂದು ಹೊಸ್ತಿಲಾಚೆ ಹತ್ತು ನಿಮಿಷ ನಿಂತವಳು ಭೌತಶಾಸ್ತ್ರದ ಪ್ರಕಾರ ಏನೂ ಕೆಲಸ ಮಾಡಿಲ್ಲ. ತೋಳು ಸೋತಿದೆ, ಬೆವರು ಇಳಿದಿದೆ, ಕೆಲಸ ಮಾತ್ರ ಸೊನ್ನೆ!

ಹಾಗಾದರೆ ಆ ಸೋಲು ಎಲ್ಲಿಂದ ಬಂತು? ಕೊಡ ಜಾರದಂತೆ ಹಿಡಿದಿಡುವುದಕ್ಕೆ ತೋಳಿನ ಸ್ನಾಯುಗಳು ಒಳಗೊಳಗೇ ಬಿಗಿಯುತ್ತಾ ಸಡಿಲುತ್ತಾ ಇರುತ್ತವೆ. ಉಂಡ ಅನ್ನದ ಶಕ್ತಿ ಅಲ್ಲಿ ಕರಗಿ ಬಿಸಿಯಾಗಿ ಹೊರಟುಹೋಗುತ್ತದೆ. ಹೊರಗಿನಿಂದ ನೋಡಿದವರಿಗೆ ಕೊಡ ಇದ್ದಲ್ಲೇ ಇದೆ, ಹೆಂಗಸು ನಿಂತಲ್ಲೇ ನಿಂತಿದ್ದಾಳೆ. ಇದ್ದದ್ದನ್ನು ಇದ್ದ ಹಾಗೆ ಇಡುವುದಕ್ಕೇ ಇಷ್ಟು ಖರ್ಚು.

ಈ ಖರ್ಚಿಗೆ ವಿಜ್ಞಾನದಲ್ಲಿ ಒಂದು ಹೆಸರಿದೆ ಎಂದು ನನಗೆ ಹೇಳಿದವಳು ನನ್ನ ಅಕ್ಕನ ಮಗಳು. ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುವವಳು. ದೀಪಾವಳಿಗೆ ಬಂದಿದ್ದಾಗ ಚಕ್ಕುಲಿ ಒತ್ತುತ್ತಾ ಕೂತು, “ಚಿಕ್ಕಮ್ಮ, ನಿಮ್ಮ ವಿಷಯ ನಮ್ಮ ಪುಸ್ತಕದಲ್ಲೂ ಬಂದಿದೆ ಗೊತ್ತಾ? ಅದಕ್ಕೆ ಹೌಸ್‌ಕೀಪಿಂಗ್ ಹೀಟ್ ಅಂತಾರೆ” ಅಂದಳು. ತಮಾಷೆಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ತಮಾಷೆಯಲ್ಲವಂತೆ. 1998ರಲ್ಲಿ ಊನೊ ಮತ್ತು ಪನಿಕೋನಿ ಎಂಬ ಇಬ್ಬರು ವಿಜ್ಞಾನಿಗಳು ಬರೆದ ಪ್ರಬಂಧದಲ್ಲಿ ಈ ಪದ ಇದೆಯಂತೆ. ಸಮತೋಲದಿಂದ ದೂರವಿರುವ ಒಂದು ವ್ಯವಸ್ಥೆ, ಅಂದರೆ ಒಳಗೆ ಏನೋ ಹರಿಯುತ್ತಲೇ ಇರುವ ವ್ಯವಸ್ಥೆ, ಹೊರಗೆ ಏನೂ ಬದಲಾಗದೆ ಹಾಗೇ ಉಳಿಯಬೇಕಾದರೆ ಸದಾ ಒಂದಿಷ್ಟು ಬಿಸಿಯನ್ನು ಹೊರಗೆ ಚೆಲ್ಲುತ್ತಲೇ ಇರಬೇಕು. ಆ ಬಿಸಿಯೇ ಹೌಸ್‌ಕೀಪಿಂಗ್ ಹೀಟ್. ಕನ್ನಡದಲ್ಲಿ ಮನೆವಾರ್ತೆಯ ಬಿಸಿ ಎನ್ನೋಣ.

ಆ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ನಾವಿರುವುದು ಹೂಟಗಳ್ಳಿಯಲ್ಲಿ. ಹುಣಸೂರು ರಸ್ತೆಯ ಪಕ್ಕದ ಈ ಊರು ಒಂದು ಕಾಲಕ್ಕೆ ಹಳ್ಳಿ. ಈಗ ಒಂದು ಕಡೆ ಗೃಹಮಂಡಳಿಯ ಬಡಾವಣೆ, ಇನ್ನೊಂದು ಕಡೆ ಕೈಗಾರಿಕಾ ಪ್ರದೇಶ. ನಮ್ಮ ಬೀದಿಯಲ್ಲಿ ಗಡಿಯಾರ ನೋಡುವ ಅಗತ್ಯವೇ ಇಲ್ಲ, ಪಾಳಿಯ ಬಸ್ಸುಗಳು ಬರುವುದನ್ನು ನೋಡಿದರೆ ಸಾಕು. ಯಂತ್ರಗಳ ಮಾತು ನಮಗೇನೂ ಹೊಸದಲ್ಲ. ಮೈಸೂರಿನ ಹೆಂಗಸರಿಗಂತೂ ಉಷ್ಣಯಂತ್ರದ ಪಾಠ ಕಾಲಿನ ಮೀನಖಂಡಕ್ಕೇ ಆಗಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕು ಮಾಡುತ್ತಿತ್ತು, 1996ರಲ್ಲಿ ಮುಚ್ಚಿತು. ಆ ಜಾವಾ, ಯೆಜ್ಡಿಗಳ ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಇಳಿಬಿಟ್ಟು, ಸೀರೆಯ ನೆರಿಗೆ ಹಿಡಿದು ಕೂತವರಿಗೆ ಸೈಲೆನ್ಸರಿನ ಬಿಸಿ ಎಷ್ಟೆಂದು ಹೇಳಿಕೊಡಬೇಕಾಗಿಲ್ಲ. ಎರಡು ಪಕ್ಕಕ್ಕೂ ಒಂದೊಂದು ಸೈಲೆನ್ಸರು. ಯಾವ ಕಡೆ ಕಾಲು ಬಿಟ್ಟರೂ ಒಂದಲ್ಲ ಒಂದು ದಿನ ಚುರ್ ಎನ್ನಲೇಬೇಕು.

ಆ ಸುಡುವ ಕೊಳವೆ ಯಂತ್ರ ಮಾಡಿದವರ ಅಸಡ್ಡೆಯಲ್ಲ. ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗ ಚಕ್ರಕ್ಕೆ ಹೋದರೆ ಅದೇ ಹೆಚ್ಚು. ಉಳಿದದ್ದು ಬಿಸಿಯಾಗಿ ಹೊರಗೆ ಹೋಗುತ್ತದೆ. ಒಂದಷ್ಟಾದರೂ ಹೋಗಲೇಬೇಕು. 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ಎಂಬ ತರುಣ ಇಂಜಿನಿಯರು ಪುಟ್ಟದೊಂದು ಪುಸ್ತಕ ಬರೆದ. ಬಿಸಿಯಿಂದ ಕೆಲಸ ತೆಗೆಯುವ ಯಾವ ಯಂತ್ರಕ್ಕಾದರೂ ಬಿಸಿ ಕೊಡುವ ಒಂದು ಕಡೆ ಬೇಕು, ಬಿಸಿ ಚೆಲ್ಲುವ ಒಂದು ತಣ್ಣನೆಯ ಕಡೆಯೂ ಬೇಕು. ಎಷ್ಟು ಕೆಲಸ ಸಿಗಬಹುದೆಂಬ ಮೇಲ್ಮಿತಿಯನ್ನು ಆ ಎರಡು ಕಡೆಗಳ ಉಷ್ಣತೆಗಳೇ ನಿಶ್ಚಯಿಸುತ್ತವೆ. ಆ ಮಿತಿಯನ್ನು ಸರಿಯಾಗಿ ಮುಟ್ಟಬೇಕೆಂದರೆ ಯಂತ್ರ ಎಷ್ಟು ನಿಧಾನವಾಗಿ ಓಡಬೇಕೆಂದರೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಕಾರ್ನೋ 1832ರಲ್ಲಿ, ಇನ್ನೂ 36ನೆಯ ವಯಸ್ಸಿನಲ್ಲೇ ಕಾಲರಾದಿಂದ ತೀರಿಕೊಂಡ. ಅವನು ಹಾಕಿದ ಗೆರೆಯನ್ನು ಇಂದಿಗೂ ಯಾರೂ ಅಳಿಸಿಲ್ಲ.

ಇಲ್ಲಿ ನನಗೆ ಹಿಡಿಸಿದ ಇನ್ನೊಂದು ಸಂಗತಿ ಇದೆ. ಯಂತ್ರ ಒಂದು ಸುತ್ತು ಮುಗಿಸಿದಾಗ ಅದು ಹೊರಟ ಸ್ಥಿತಿಗೇ ಬಂದು ನಿಲ್ಲುತ್ತದೆ. ಕೊಂತ ಮತ್ತೆ ಅದೇ ಜಾಗದಲ್ಲಿ, ಅನಿಲ ಮತ್ತೆ ಅದೇ ಹದದಲ್ಲಿ. ಯಂತ್ರವನ್ನು ಮಾತ್ರ ನೋಡಿದರೆ ಏನೂ ಆಗಿಲ್ಲ. ಆದದ್ದೆಲ್ಲ ಹೊರಗೆ ಆಗಿದೆ: ಬೈಕು ಮನೆಯಿಂದ ಕಾರ್ಖಾನೆಯ ಗೇಟಿಗೆ ಬಂದಿದೆ. ರಾತ್ರಿ ಹತ್ತಕ್ಕೆ ಒಲೆಕಟ್ಟೆ ಒರೆಸಿ, ಪಾತ್ರೆ ಬೋರಲು ಹಾಕಿ ದೀಪ ಆರಿಸುವವಳು ಬೆಳಗಿನ ಐದು ಗಂಟೆಯ ಅಡಿಗೆಮನೆಯನ್ನೇ ಮತ್ತೆ ಕಟ್ಟಿಟ್ಟಿರುತ್ತಾಳೆ. ಇಡೀ ದಿನ ಏನು ಮಾಡಿದೆ ಎಂದರೆ ತೋರಿಸುವುದಕ್ಕೆ ಏನೂ ಇಲ್ಲ. ತೋರಿಸಬೇಕಾದದ್ದು ಪಾಳಿಯ ಬಸ್ಸು ಹತ್ತಿ ಹೋಗಿದೆ, ಶಾಲೆಯ ಬೆಂಚಿನ ಮೇಲೆ ಕೂತಿದೆ.

ಇನ್ನು ನನ್ನ ಅಕ್ಕನ ಮಗಳು ಹೇಳಿದ ಬೆಂಗಳೂರಿನ ಕಥೆಗೆ ಬರುತ್ತೇನೆ. ಪುಟ್ಟ ಯಂತ್ರಗಳನ್ನು ಮಾಡುವ ಹುಮ್ಮಸ್ಸು ಈಗ ವಿಜ್ಞಾನಿಗಳಲ್ಲಿ ಬಹಳ. ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರಾಜೇಶ್ ಗಣಪತಿ ಮತ್ತು ಅವರ ಸಂಗಡಿಗರು 2016ರಲ್ಲಿ ಅಂಥ ಒಂದು ಯಂತ್ರದ ಬಗ್ಗೆ ‘ನೇಚರ್ ಫಿಸಿಕ್ಸ್’ ಪತ್ರಿಕೆಯಲ್ಲಿ ಬರೆದರು. ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಒಂದು ಮಣಿ. ಅದು ನೀರಿನಲ್ಲಿ ತೇಲುತ್ತಿರುತ್ತದೆ. ಲೇಸರ್ ಬೆಳಕು ಅದನ್ನು ಚಿಮಟದಂತೆ ಹಿಡಿದಿರುತ್ತದೆ. ಸ್ಕಾಟ್ಲೆಂಡಿನ ರಾಬರ್ಟ್ ಸ್ಟರ್ಲಿಂಗ್ ಎಂಬ ಪಾದ್ರಿ 1816ರಲ್ಲಿ ಪೇಟೆಂಟ್ ಪಡೆದ ಎಂಜಿನ್ನಿನ ನಾಲ್ಕು ಹೆಜ್ಜೆಗಳನ್ನೇ ಇವರು ಈ ಮಣಿಯ ಕೈಲಿ ಹಾಕಿಸಿದರು. ಸಿಲಿಂಡರಿನಲ್ಲಿ ಅನಿಲ ಇರಬೇಕಾದ ಕಡೆ ಒಂದೇ ಒಂದು ಮಣಿ, ಕೊಂತದ ಕಡೆ ಬೆಳಕು. ತಂಪಿನಲ್ಲಿ ಹಿಡಿತ ಬಿಗಿ ಮಾಡುವುದು, ನೀರನ್ನು ಬೆಚ್ಚಗೆ ಮಾಡುವುದು, ಬಿಸಿಯಲ್ಲಿ ಹಿಡಿತ ಸಡಿಲಿಸುವುದು, ಮತ್ತೆ ತಂಪಿಗೆ ತರುವುದು. ಒಂದು ಸುತ್ತಿಗೆ ಚೂರು ಕೆಲಸ.

ಇಷ್ಟನ್ನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ 2012ರಲ್ಲೇ ಮಾಡಿದ್ದರು. ಬೆಂಗಳೂರಿನವರ ಹೊಸತನ ಏನೆಂದರೆ, ಆ ನೀರಿನಲ್ಲಿ ಅವರು ಜೀವಂತ ಬ್ಯಾಕ್ಟೀರಿಯಗಳನ್ನು ಬಿಟ್ಟರು. ನೀರು ಬೆಚ್ಚಗಾದಾಗ ಅವು ಚುರುಕಾಗಿ ಓಡಾಡುತ್ತವೆ, ತಂಪಾದಾಗ ಮಂಕಾಗುತ್ತವೆ. ಓಡಾಡುವಾಗ ಮಣಿಗೆ ಡಿಕ್ಕಿ ಹೊಡೆಯುತ್ತವೆ, ಒಮ್ಮೊಮ್ಮೆ ಜೋರಾಗಿಯೇ ಒದೆಯುತ್ತವೆ. ಬರಿಯ ನೀರಿನ ಕಣಗಳಿಗೆ ಅಷ್ಟು ಜೋರಿನ ಒದೆತ ಸಾಧ್ಯವಿಲ್ಲ. ಪರಿಣಾಮ ಏನಾಯಿತೆಂದರೆ, ಮಣಿಯಂತ್ರದ ದಕ್ಷತೆ ಸಾಮಾನ್ಯ ನೀರಿನಲ್ಲಿ ಸ್ಟರ್ಲಿಂಗ್ ಎಂಜಿನ್ನಿಗೆ ಸಾಧ್ಯವಿರುವ ಗರಿಷ್ಠ ಮಿತಿಯನ್ನೂ ದಾಟಿತು.

“ಹಾಗಾದರೆ ಕಾರ್ನೋನ ಗೆರೆ ಅಳಿಸಿಹೋಯಿತೇ?” ಎಂದು ಕೇಳಿದೆ.

“ಇಲ್ಲ ಚಿಕ್ಕಮ್ಮ. ದಕ್ಷತೆ ಅಂದರೆ ಏನು? ಯಂತ್ರಕ್ಕೆ ಎಷ್ಟು ಹಾಕಿದೆವು, ಎಷ್ಟು ಬಂತು ಅನ್ನೋದು. ಮಣಿಗೆ ಬಂದ ಬಿಸಿ ಎಷ್ಟು ಅಂತ ಲೆಕ್ಕ ಇಟ್ಟಿದ್ದಾರೆ. ಬ್ಯಾಕ್ಟೀರಿಯ ತಿಂದ ಊಟ ಆ ಲೆಕ್ಕದಲ್ಲಿ ಇಲ್ಲ. ಅವು ಒದೀತಾ ಇರಬೇಕಾದರೆ ಬದುಕಿರಬೇಕಲ್ಲ? ಅದನ್ನೂ ಸೇರಿಸಿದರೆ ಎಲ್ಲ ಕಾಯಿದೆಗಳೂ ಹಾಗೇ ಇರುತ್ತವೆ.”

ಚಕ್ಕುಲಿ ಬಾಣಲೆಯಲ್ಲಿ ಸೀಯುತ್ತಿದ್ದರೂ ನಾನು ಜಾಲರಿ ಸೌಟು ಹಿಡಿದು ನಿಂತುಬಿಟ್ಟಿದ್ದೆ. ಬ್ಯಾಕ್ಟೀರಿಯದ ಊಟ ಲೆಕ್ಕದಲ್ಲಿಲ್ಲ! ವಿಜ್ಞಾನಿಗಳು ಇದನ್ನು ಬಚ್ಚಿಟ್ಟಿಲ್ಲ. ಯಾವ ಲೆಕ್ಕ ಯಾವುದನ್ನು ಕುರಿತದ್ದು ಎಂದು ಅವರಿಗೆ ಗೊತ್ತು. ಗೊತ್ತಿಲ್ಲದವರು ನಾವು.

ಇನ್ನೂ ಸಣ್ಣದಕ್ಕೆ ಇಳಿದರೆ ಕ್ವಾಂಟಮ್ ಲೋಕ. ಮೂರೇ ಮೂರು ಮೆಟ್ಟಿಲಿನ ಶಕ್ತಿಸ್ಥಿತಿಗಳಿರುವ ‘ಮೇಸರ್’ ಎಂಬ ಸಾಧನವನ್ನೂ ಒಂದು ಉಷ್ಣಯಂತ್ರವೆಂದೇ ನೋಡಬಹುದು, ಅದಕ್ಕೂ ಕಾರ್ನೋನ ಮಿತಿಯೇ ಅನ್ವಯಿಸುತ್ತದೆ ಎಂದು ಸ್ಕೊವಿಲ್ ಮತ್ತು ಷುಲ್ಟ್ಸ್-ಡುಬೊಯಿಸ್ ಎಂಬುವರು 1959ರಲ್ಲೇ ತೋರಿಸಿದ್ದರು. 2016ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಒಂದೇ ಒಂದು ಕ್ಯಾಲ್ಸಿಯಂ ಪರಮಾಣುವಿನ ಎಂಜಿನ್ ಓಡಿಸಿದರು. ನಮ್ಮ ಸುಣ್ಣದಲ್ಲಿರುವ ಅದೇ ಕ್ಯಾಲ್ಸಿಯಂ! ಆಲಿಕೆಯಾಕಾರದ ವಿದ್ಯುತ್ ಬಲೆಯಲ್ಲಿ ಅದನ್ನು ಕೂರಿಸಿ, ಕಾಯಿಸಿ, ತಣಿಸಿ, ಹಿಂದೆ ಮುಂದೆ ಓಡಾಡಿಸಿದರು. ಅದರ ದಕ್ಷತೆ ನೂರಕ್ಕೆ ಒಂದಂಶವೂ ಇರಲಿಲ್ಲ. ಆ ಒಂದು ಪರಮಾಣುವನ್ನು ಗಾಳಿ ತಗಲದಂತೆ ಹಿಡಿದಿಡಲು ಬೇಕಾದ ಪಂಪುಗಳು, ಲೇಸರುಗಳು, ಅವುಗಳ ವಿದ್ಯುತ್ತು, ಇವನ್ನೆಲ್ಲ ಕೂಡಿದರೆ ಯಂತ್ರ ಕೊಟ್ಟದ್ದಕ್ಕಿಂತ ಕೋಟ್ಯಂತರ ಪಟ್ಟು ಆಗುತ್ತದೆ. ಅದೂ ಲೆಕ್ಕದಾಚೆ.

ಬಿಸಿಯ ಅಲುಗಾಟ ಸಾಮಾನ್ಯವಾಗಿ ಎಲ್ಲ ಬಗೆಯಲ್ಲೂ ಒಂದೇ ಸಮ. ಅದನ್ನು ಒಂದು ಕಡೆ ಅದುಮಿ ಇನ್ನೊಂದು ಕಡೆ ಉಬ್ಬುವಂತೆ ಮಾಡಬಹುದಂತೆ, ಚಪಾತಿ ಹಿಟ್ಟಿನ ಉಂಡೆಯನ್ನು ಅದುಮಿದ ಹಾಗೆ. ಹೀಗೆ ‘ಹಿಂಡಿದ’ ಬಿಸಿಯನ್ನು ಬಳಸಿದರೆ ಪುಟ್ಟ ಎಂಜಿನ್ನು ಕಾರ್ನೋನ ಮಿತಿಯನ್ನು ಮೀರಬಲ್ಲದು ಎಂದು 2014ರಲ್ಲಿ ಒಂದು ಲೆಕ್ಕಾಚಾರ ಬಂತು. 2017ರಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಕ್‌ನವರು ಪ್ರಯೋಗ ಮಾಡಿಯೂ ತೋರಿಸಿದರು. ಅಲ್ಲಿಯೂ ಉತ್ತರ ಅದೇ: ಹಿಂಡುವುದಕ್ಕೂ ಕೆಲಸ ಬೇಕು. ಆ ಕೆಲಸವನ್ನು ಗೆರೆಯ ಹೊರಗಿಟ್ಟಿದ್ದರಿಂದ ಒಳಗಿನ ಯಂತ್ರ ಅಷ್ಟು ಜಾಣನಂತೆ ಕಂಡಿತು.

ಮಿತಿ ಮೀರಿದ ದಕ್ಷತೆ ಎಲ್ಲಿ ಕಂಡರೂ ಕೇಳಬೇಕಾದ ಪ್ರಶ್ನೆ ಹೀಗೆ ನನಗೆ ಸಿಕ್ಕಿತು: ಗೆರೆಯನ್ನು ಎಲ್ಲಿ ಎಳೆದಿದ್ದೀರಿ? ಗೆರೆಯಾಚೆ ಉಣ್ಣುವವರು, ಉಣಿಸುವವರು ಯಾರು?

ಒಬ್ಬ ಕಾರ್ಮಿಕ ಬೆಳಿಗ್ಗೆ ಆರು ಗಂಟೆಯ ಪಾಳಿಗೆ ಒಗೆದ ಸಮವಸ್ತ್ರ ತೊಟ್ಟು, ಡಬ್ಬಿ ಹಿಡಿದು, ನಿದ್ದೆ ತಿಳಿದ ಮುಖದಲ್ಲಿ ಹಾಜರಾಗುತ್ತಾನೆ. ಅವನನ್ನು ದಕ್ಷ ಎನ್ನುತ್ತಾರೆ. ನಿಜವೇ. ಆದರೆ ನಾಲ್ಕೂವರೆಗೆ ಎದ್ದು ಚಿತ್ರಾನ್ನ ಕಲಸಿದ ಕೈ ಆ ಲೆಕ್ಕದಲ್ಲಿಲ್ಲ. ನಮ್ಮ ದೇಶದ ಜನಗಣತಿಯಲ್ಲಿ ಮನೆಗೆಲಸ ಮಾತ್ರ ಮಾಡುವವಳು ‘ಕೆಲಸ ಮಾಡದವರ’ ಪಟ್ಟಿಗೆ ಸೇರುತ್ತಾ ಬಂದಿದ್ದಾಳೆ. ಕೊಡ ಹೊತ್ತು ನಿಂತವಳ ಕಥೆಯೇ ಇದೂ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರ ತಮ್ಮ ಗ್ರಂಥದಲ್ಲೇ ಒಂದು ವಿಚಿತ್ರವನ್ನು ಗುರುತಿಸಿದ್ದರು. ಒಬ್ಬ ತನ್ನ ಮನೆಯ ಅಡಿಗೆಯವಳನ್ನೇ ಮದುವೆಯಾದರೆ ದೇಶದ ವರಮಾನ ಇಳಿಯುತ್ತದೆ! ಸಾರು ಅದೇ, ಸೌಟು ಅದೇ. ಗೆರೆ ಮಾತ್ರ ಸರಿದಿದೆ.

ಊನೊ ಮತ್ತು ಪನಿಕೋನಿ ಕೂಡ ಮನೆವಾರ್ತೆಯ ಬಿಸಿಯನ್ನು ಕಳೆದೇ ಮುಂದಿನ ಲೆಕ್ಕ ಮಾಡುತ್ತಾರೆ. ಅದಕ್ಕೆ ಕೊನೆಯೇ ಇಲ್ಲವಾದ್ದರಿಂದ ಅದನ್ನು ತೆಗೆದಿಟ್ಟು, ಬದಲಾವಣೆಯಿಂದ ಬಂದ ಹೆಚ್ಚಿನ ಬಿಸಿಯನ್ನು ಮಾತ್ರ ನೋಡಬೇಕೆಂಬುದು ಅವರ ವಾದ. ಆದರೆ ಕಳೆಯುವ ಮುಂಚೆ ಹೆಸರಿಟ್ಟರು. ಹೆಸರಿಲ್ಲದೆ ಕಳೆದುಹಾಕುವುದಕ್ಕೂ ಹೆಸರಿಟ್ಟು ಬದಿಗಿಡುವುದಕ್ಕೂ ವ್ಯತ್ಯಾಸವಿದೆ.

ಹಾಗೆಂದು ಹೆಸರಿಡುವ ಕೆಲಸ ನಮ್ಮಲ್ಲಿ ನಡೆದೇ ಇಲ್ಲ ಎನ್ನಲಾರೆ. ರಸ್ತೆ ಅಪಘಾತದಲ್ಲಿ ಸತ್ತ ಗೃಹಿಣಿಯ ದುಡಿಮೆಗೂ ಆದಾಯವೆಂದು ಬೆಲೆ ಕಟ್ಟಿಯೇ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2021ರ ಜನವರಿಯಲ್ಲಿ ಹೇಳಿತು. ಒಳ್ಳೆಯ ತೀರ್ಪು. ಆದರೂ ಓದಿದಾಗ ಮನಸ್ಸು ಪಿಚ್ಚೆಂದಿತು. ಬೆಲೆ ಗೊತ್ತಾಗಬೇಕಾದರೆ ಅವಳು ಸಾಯಬೇಕೆ? ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಅದು ನೆರವು, ಸಂಬಳವಲ್ಲ. ಆದರೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತನ್ನ ಹೆಸರಿನ ಎದುರು ಅಂಕಿ ಬಿದ್ದುದನ್ನು ಬೆರಳಿಟ್ಟು ನೋಡಿದ ಹೆಂಗಸರನ್ನು ನಾನು ಬಲ್ಲೆ.

ನಮ್ಮತ್ತೆ ಈ ಮಾತೆಲ್ಲ ಕೇಳಿ, “ಮಕ್ಕಳಿಗೆ ತುತ್ತು ಇಟ್ಟದ್ದಕ್ಕೂ ಲೆಕ್ಕ ಬರೀತೀರೇನಮ್ಮ? ಪ್ರೀತಿಗೆ ರೇಟು ಹಾಕಕ್ಕಾಗುತ್ತಾ?” ಅಂದರು. ಅವರ ಮಾತನ್ನು ತಳ್ಳಿಹಾಕಲಾರೆ. ಆದರೆ ಲೆಕ್ಕ ಬೇರೆ, ರೇಟು ಬೇರೆ. ಸಾಸಿವೆ ಡಬ್ಬಿ ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂದು ನಮ್ಮತ್ತೆಗೆ ಗೊತ್ತು. ಹಾಗೆಂದು ಒಗ್ಗರಣೆಗೆ ಅವರು ದುಡ್ಡು ಕೇಳಿದವರಲ್ಲ. ಯಾವುದರಿಂದ ಏನು ಖರ್ಚಾಗುತ್ತಿದೆ ಎಂದು ತಿಳಿದಿರುವುದೇ ಲೆಕ್ಕ. ಬೆಲೆ ಕಟ್ಟಲಾಗದ್ದನ್ನೂ ಲೆಕ್ಕಕ್ಕೆ ತರಬಹುದು. ತರದಿದ್ದರೆ ಪ್ರೀತಿಯ ಹೆಸರಿನಲ್ಲಿ ಯಾರೋ ಒಬ್ಬರು ತೀರಿಹೋಗುತ್ತಿರುವುದು ಯಾರಿಗೂ ಕಾಣುವುದಿಲ್ಲ.

ಇಷ್ಟರವರೆಗೆ ನಾನು ಬಾಣವನ್ನು ಬೇರೆಯವರ ಕಡೆಗೇ ತಿರುಗಿಸಿ ಹಿಡಿದಿದ್ದೇನೆ. ಆದರೆ ನಾನು ಕೂತು ಈ ಪ್ರಬಂಧ ಬರೆಯುತ್ತಿರುವಾಗ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿರುವವರು ಯಾರು? ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಏಳು ಗಂಟೆಗೆ ಬಾಗಿಲಲ್ಲಿ ಇರುತ್ತಾಳೆ. ಅಷ್ಟರಲ್ಲಿ ಅವಳ ಮನೆಯ ನೀರು, ಮುದ್ದೆ, ಸಾರು ಎಲ್ಲ ಮುಗಿದಿರುತ್ತದೆ. ಮಗುವನ್ನು ಅವಳ ಅತ್ತೆ ನೋಡಿಕೊಳ್ಳುತ್ತಾರೆ. ಆ ಮುದುಕಿಗೆ ಮೊಣಕಾಲು ನೋವು. ನನ್ನ ಬರವಣಿಗೆಯ ಯಂತ್ರ ಓಡುವುದು ಇವಳ ಬಿಸಿಯಿಂದ, ಇವಳದು ಓಡುವುದು ಆ ಮುದುಕಿಯ ಬಿಸಿಯಿಂದ. ನನ್ನ ದಕ್ಷತೆಯೂ ಬೆಂಗಳೂರಿನ ಮಣಿಯ ದಕ್ಷತೆಯಂಥದೇ.

ಕಳೆದ ವರ್ಷ ನಮ್ಮ ಬೀದಿಯ ಹೆಂಗಸರಲ್ಲಿ ಒಂದು ಚರ್ಚೆ ಎದ್ದಿತು. ಕೆಲಸದವರಿಗೆ ಎಲ್ಲ ಮನೆಯವರೂ ಒಂದೇ ನಿಯಮ ಇಡೋಣ, ತಿಂಗಳಿಗೆ ಎರಡು ದಿನ ರಜೆ, ಮೀರಿದರೆ ಸಂಬಳ ಹಿಡಿಯೋಣ ಎಂದು. ಮಗುವಿಗೆ ಜ್ವರ ಬಂದು ನಮ್ಮಾಕೆ ಐದು ದಿನ ಬಂದಿರಲಿಲ್ಲ. ಅದೇ ನೆವ. ನಾನು ಹಿಡಿಯುವುದಿಲ್ಲ ಅಂದೆ. ಕಾರ್ಖಾನೆಯಲ್ಲಿ ನಮ್ಮವರಿಗೆ ಇದ್ದ ಸಿಕ್ ಲೀವು ಮನೆಕೆಲಸಕ್ಕೆ ಬರುವವಳಿಗೆ ಯಾಕಿಲ್ಲ, ನಾಳೆ ಅವಳು ಬಂದು ದುಡಿಯಬೇಕಾದರೆ ಇವತ್ತು ಅವಳ ಮನೆ ಸರಿಯಾಗಿರಬೇಕಲ್ಲ, ಆ ಖರ್ಚನ್ನು ನಾವು ಅವಳ ತಲೆಗೇ ಕಟ್ಟುತ್ತಿದ್ದೇವಲ್ಲ ಎಂದೆ.

ಆಗ ಮೂರನೆಯ ಮನೆಯಾಕೆ ಎದ್ದು ನಿಂತರು. ಅವರು ಗಾರ್ಮೆಂಟ್ಸಿಗೆ ಹೋಗುವವರು. ಮನೆಯಲ್ಲಿ ಹಾಸಿಗೆ ಹಿಡಿದ ಮಾವ ಇದ್ದಾರೆ, ಅದಕ್ಕೇ ಕೆಲಸದವಳು. “ಅಕ್ಕ, ನೀವು ಹೇಳೋದು ಸರಿ. ಆದ್ರೆ ನಾನು ಒಂದು ದಿನ ಹೋಗ್ದಿದ್ರೆ ನನಗೆ ಯಾರು ಕೊಡ್ತಾರೆ? ಅವಳು ಬರದ ದಿನ ನಾನೂ ಹೋಗಕ್ಕಾಗಲ್ಲ. ಅವಳ ಸಂಬಳಾನೂ ಕೊಡ್ಬೇಕು, ನನ್ನದೂ ಹೋಗುತ್ತೆ. ನಾನು ಎಲ್ಲಿಂದ ತರ್ಲಿ?” ಅಂದರು.

ಆ ಮಾತಿಗೆ ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಿಜ, ಅವರು ಯಾರ ಬಿಸಿಯನ್ನೂ ಕದಿಯುತ್ತಿಲ್ಲ. ಅವರ ಬಿಸಿಯನ್ನೂ ಯಾರೋ ಲೆಕ್ಕವಿಲ್ಲದೆ ಬಳಸುತ್ತಿದ್ದಾರೆ. ಬ್ಯಾಕ್ಟೀರಿಯ ತಿನ್ನುವ ಊಟಕ್ಕೂ ಹಿಂದೆ ಒಂದು ಪೈರು, ಪೈರಿಗೆ ಹಿಂದೆ ಸೂರ್ಯ. ಹೀಗೆ ಹುಡುಕುತ್ತಾ ಹೋದರೆ ತಳವೇ ಸಿಗುವುದಿಲ್ಲ. ತಳ ಸಿಗುವವರೆಗೆ ಯಾರೂ ಏನೂ ಮಾಡಬೇಕಾಗಿಲ್ಲ ಅನ್ನುವುದು ಸುಲಭ. ಹಾಗೆಂದು ಇಡೀ ಜಗತ್ತಿನ ಲೆಕ್ಕ ಸರಿಪಡಿಸುವ ಶಕ್ತಿಯೂ ನಮ್ಮಂಥವರಿಗೆ ಇಲ್ಲ. ನನಗೆ ತೋರುವ ಮಟ್ಟಿಗೆ, ನಮ್ಮ ಕೈಗೆ ಎಟುಕುವುದು ಒಂದೇ ಮೆಟ್ಟಿಲು: ನಮ್ಮನ್ನು ನೇರವಾಗಿ ಬೆಚ್ಚಗಿಟ್ಟಿರುವವರ ಮನೆವಾರ್ತೆ. ಅಷ್ಟನ್ನಾದರೂ ಗೆರೆಯೊಳಗೆ ತಂದುಕೊಳ್ಳಬೇಕು. ಅದು ಯಾರಿಗೆ ಎಷ್ಟು ಸಾಧ್ಯ ಎನ್ನುವುದು ಬೇರೆ ಬೇರೆ. ಅದನ್ನು ತಿಳಿಯದೆ ಎಲ್ಲರಿಗೂ ಒಂದೇ ನಿಯಮ ಹೇರುವುದು ಆ ಬದಿಗೂ ಅನ್ಯಾಯ, ಈ ಬದಿಗೂ ಅನ್ಯಾಯ.

ಕೊನೆಗೆ ತಿಂಗಳಿಗೆ ನಾಲ್ಕು ದಿನ ರಜೆ, ಹಬ್ಬಗಳು ಬೇರೆ, ಕಾಯಿಲೆಗೆ ಸಂಬಳ ಹಿಡಿಯುವುದಿಲ್ಲ ಎಂದು ಎಂಟು ಮನೆಯವರು ಒಪ್ಪಿದೆವು. ಅವಳು ಬರದ ದಿನಗಳಲ್ಲಿ ಆ ಮುದುಕರಿಗೆ ಮಧ್ಯಾಹ್ನದ ಗಂಜಿ ಕೊಟ್ಟು ನೋಡಿಕೊಳ್ಳುವುದನ್ನು ಅಕ್ಕಪಕ್ಕದ ಇಬ್ಬರು ಸರದಿಯ ಮೇಲೆ ವಹಿಸಿಕೊಂಡರು. ಇಬ್ಬರು ಒಪ್ಪದೆ ಎದ್ದು ಹೋದರು. ಅವರಲ್ಲೊಬ್ಬರು ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಗಂಜಿಯ ಸರದಿ ಮಾತ್ರ ನಡೆಯುತ್ತಿದೆ. ಬುಧವಾರ ನನ್ನ ಪಾಳಿ.